ನೀರಿನಿಂದ ತೆಗೆದ ವಿಷ ಎಲ್ಲಿಗೆ ಹೋಯಿತೆಂದು ನೀವು ಕೇಳಲಿಲ್ಲ

ಕಾರ್ಖಾನೆಗಳ ಕೊಳಚೆನೀರಿನ ಮೇಲೆ ಕಣ್ಣಿಡಲೆಂದೇ ನೇಮಕಗೊಂಡಿರುವ ಹಿರಿಯ ಅಧಿಕಾರಿಗಳೇ, ಮಾನ್ಯರೇ,

ಕುಶಲ ವಿಚಾರಿಸುವಷ್ಟು ವ್ಯವಧಾನ ನನಗಿಲ್ಲ, ಕ್ಷಮಿಸಿ. ನೇರವಾಗಿ ವಿಷಯಕ್ಕೆ ಬರುತ್ತೇನೆ. ನನ್ನ ತಂಗಿಯ ಅಂಗಳದ ಕೈಪಂಪಿನ ನೀರಿನಲ್ಲಿ ಕ್ಯಾಡ್ಮಿಯಮ್ ಇದೆ, ನಿಕ್ಕಲ್ ಇದೆ. ಆ ನೀರನ್ನು ಹನ್ನೊಂದು ಮನೆಗಳವರು ಕುಡಿಯುತ್ತಿದ್ದಾರೆ. ಈ ಸಂಗತಿ ನಿಮ್ಮ ಕಚೇರಿಗೆ ಎಪ್ಪತ್ತೆಂಟು ದಿನಗಳಿಂದ ಗೊತ್ತು. ಮೂರು ಅರ್ಜಿ ಕೊಟ್ಟಿದ್ದೇನೆ, ಮೂರಕ್ಕೂ ಸ್ವೀಕೃತಿಯ ಮುದ್ರೆ ಬಿದ್ದಿದೆ. ಇಷ್ಟರವರೆಗೆ ಒಬ್ಬರೂ ಬಂದು ಒಂದು ಸೀಸೆ ನೀರು ತುಂಬಿಕೊಂಡು ಹೋಗಿಲ್ಲ. ಆ ವಿಷವನ್ನು ಅಲ್ಲಿಗೆ ತಂದು ಹಾಕಿದವನು ಯಾರೆಂದು ಹುಡುಕುವ ಕಷ್ಟವನ್ನೂ ನಿಮಗೆ ಕೊಡುವುದಿಲ್ಲ. ಹಾಕಿದವನು ನಾನೇ.

ನಾನು ಯಾರೆಂದು ನಿಮಗೆ ನೆನಪಿರಲಿಕ್ಕಿಲ್ಲ. ನಟ್ಟು, ಬೋಲ್ಟು, ನಲ್ಲಿ, ಬಾಗಿಲಿನ ಹಿಡಿಕೆಗಳಿಗೆ ಹೊಳಪಿನ ಲೇಪ ಕೊಡುವ ಅರವತ್ತೆರಡು ಪ್ಲೇಟಿಂಗ್ ಶೆಡ್ಡುಗಳ ಕೊಳಚೆಯೆಲ್ಲ ಹರಿದು ಬಂದು ಸೇರುವ ಶುದ್ಧೀಕರಣ ಘಟಕದಲ್ಲಿ ಇಪ್ಪತ್ತೊಂದು ವರ್ಷಗಳಿಂದ ಆಪರೇಟರ್. ಅಲ್ಲಿನವರು ನನ್ನನ್ನು ಕರೆಯುವುದು ಸುಣ್ಣದಣ್ಣ ಎಂದು. ದಿನಕ್ಕೆ ಎಂಟು ಗಂಟೆ ಸುಣ್ಣದ ಹಾಲು ಕಲಸುವವನಿಗೆ ಇನ್ನೇನು ಹೆಸರು ಬಂದೀತು? ನನ್ನ ಹುಬ್ಬು ಯಾವತ್ತೂ ಬೆಳ್ಳಗೇ ಇರುತ್ತದೆ. ವಯಸ್ಸಿನದೋ ಸುಣ್ಣದ್ದೋ ಎಂದು ನನಗೂ ಹೇಳಲು ಬರುವುದಿಲ್ಲ.

ನಮ್ಮ ಕೆಲಸ ಹೇಳಿದರೆ ಮಕ್ಕಳಿಗೂ ಅರ್ಥವಾಗುತ್ತದೆ. ಹಳದಿ ನೀರು ಬಂದರೆ ಅದು ಕ್ರೋಮಿಯಮ್ಮಿನದು. ಅದಕ್ಕೆ ಮೊದಲು ಆ್ಯಸಿಡ್ ಹಾಕಿ, ಆಮೇಲೆ ಗಂಧಕದ ವಾಸನೆಯ ಒಂದು ಪುಡಿ ಹಾಕಿ, ಹಳದಿ ಹೋಗಿ ಹಸಿರಾಗುವವರೆಗೆ ಕಲಕಬೇಕು. ಆಮೇಲೆ ಎಲ್ಲ ನೀರನ್ನೂ ದೊಡ್ಡ ತೊಟ್ಟಿಗೆ ಬಿಟ್ಟು, ಪರೀಕ್ಷೆಯ ಕಾಗದದ ಪಟ್ಟಿ ನೀಲಿಗೆ ತಿರುಗುವವರೆಗೆ ಸುಣ್ಣದ ಹಾಲು ಸುರಿಯಬೇಕು. ಸುಣ್ಣ ಬಿದ್ದ ಕೂಡಲೇ ಅಲ್ಲಿಯವರೆಗೆ ಕಣ್ಣಿಗೆ ಕಾಣದೆ ನೀರಿನಲ್ಲಿ ಕರಗಿ ಕೂತಿದ್ದ ನಿಕ್ಕಲ್, ಸತು, ಕ್ರೋಮಿಯಮ್, ಕ್ಯಾಡ್ಮಿಯಮ್ ಎಲ್ಲ ಒಡೆದ ಹಾಲಿನ ಹಾಗೆ ಗರಣೆಗಟ್ಟಿ ತಳಕ್ಕಿಳಿಯುತ್ತವೆ. ಮೇಲೆ ತಿಳಿನೀರು ನಿಲ್ಲುತ್ತದೆ. ಇಪ್ಪತ್ತೊಂದು ವರ್ಷ ನೋಡಿದರೂ ನನಗೆ ಅದು ಬೇಸರ ತಂದಿಲ್ಲ. ಬೆಳಿಗ್ಗೆ ಬಂದ ಮಸಿನೀರು ಮಧ್ಯಾಹ್ನದ ಹೊತ್ತಿಗೆ ತಳ ಕಾಣುವಷ್ಟು ತಿಳಿಯಾದಾಗ ಒಂದು ಜಂಭ ಬರುತ್ತಿತ್ತು, ಸುಳ್ಳೇಕೆ ಹೇಳಲಿ.

ಆ ಜಂಭಕ್ಕೆ ನೀರೆರೆದವರು ನೀವು. ಮೂರು ತಿಂಗಳಿಗೊಮ್ಮೆ ನಿಮ್ಮ ಕಚೇರಿಯಿಂದ ಒಬ್ಬರು ಬರುತ್ತಿದ್ದರು, ಹೊರಗೆ ಹರಿಯುವ ತಿಳಿನೀರನ್ನು ಎರಡು ಸೀಸೆಗಳಲ್ಲಿ ತುಂಬಿಕೊಂಡು, ಚಹಾ ಕುಡಿದು ಹೋಗುತ್ತಿದ್ದರು. ಎರಡು ವಾರಕ್ಕೆ ವರದಿ ಬರುತ್ತಿತ್ತು: ‘ಎಲ್ಲ ಅಂಶಗಳೂ ನಿಗದಿತ ಮಿತಿಯೊಳಗಿವೆ.’ ವರದಿ ಸುಳ್ಳಲ್ಲ. ನಾನು ಅಪ್ರಾಮಾಣಿಕನಾಗಿ ಕೆಲಸ ಮಾಡಿದವನಲ್ಲ. ಒಮ್ಮೆ ನೀವೇ ಖುದ್ದು ಬಂದು ನಮ್ಮದು ಮಾದರಿ ಘಟಕವೆಂದು ಫಲಕ ಕೊಟ್ಟು, ನನ್ನ ಕೈಕುಲುಕಿ, ಕೈಗೆ ಅಂಟಿದ ಸುಣ್ಣವನ್ನು ಕರವಸ್ತ್ರದಿಂದ ಒರೆಸಿಕೊಂಡಿರಿ. ಈ ಇಪ್ಪತ್ತೊಂದು ವರ್ಷಗಳಲ್ಲಿ ಬಂದ ಯಾವ ಅಧಿಕಾರಿಯೂ ಒಂದು ಪ್ರಶ್ನೆ ಕೇಳಲಿಲ್ಲ. ನೀರಿನಲ್ಲಿ ಈಗ ಲೋಹವಿಲ್ಲ, ಸರಿ, ಹಾಗಾದರೆ ಅದು ಹೋಯಿತೆಲ್ಲಿಗೆ?

ಮಾನ್ಯರೇ, ಲೋಹ ಸಾಯುವುದಿಲ್ಲ, ಕೊಳೆಯುವುದಿಲ್ಲ, ಸುಟ್ಟರೂ ಬೂದಿಯಲ್ಲಿ ಉಳಿಯುತ್ತದೆ. ನಾವು ‘ತೆಗೆಯುವುದು’ ಎನ್ನುವುದೆಲ್ಲ ಅದರ ಜಾಗ ಬದಲಿಸುವುದಷ್ಟೇ. ತಳಕ್ಕಿಳಿದ ಕೆಸರನ್ನು ನಾವು ಪಂಪಿನಿಂದ ಎತ್ತಿ, ಬಟ್ಟೆ ಹೊದಿಸಿದ ತಟ್ಟೆಗಳ ನಡುವೆ ಒತ್ತಿ ನೀರು ಹಿಂಡುತ್ತೇವೆ. ತಟ್ಟೆ ಬಿಡಿಸಿದರೆ ಹಲಗೆಯಂಥ ಬೂದುಹಸಿರು ಬಿಲ್ಲೆಗಳು ಬೀಳುತ್ತವೆ. ಅದಕ್ಕೆ ನಾವು ಕೇಕು ಎನ್ನುತ್ತೇವೆ. ಅರವತ್ತೆರಡು ಶೆಡ್ಡುಗಳ ಪಾಪವೆಲ್ಲ ಆ ಕೇಕಿನಲ್ಲಿರುತ್ತದೆ. ಕಾನೂನಿನಂತೆ ಅದು ದೂರದ ಸುರಕ್ಷಿತ ಹೂಳುತಾಣಕ್ಕೆ ಹೋಗಬೇಕು. ತಳಕ್ಕೆ ದಪ್ಪ ಪ್ಲಾಸ್ಟಿಕ್ ಹಾಸಿ, ಮೇಲೆ ಮುಚ್ಚಿ, ಮಳೆನೀರು ತಾಗದಂತೆ ಇಡುವ ಜಾಗ ಅದು. ಹದಿನೇಳು ವರ್ಷ ಹಾಗೇ ಹೋಗುತ್ತಿತ್ತು. ವಾರಕ್ಕೊಂದು ಲಾರಿ ಬರುತ್ತಿತ್ತು.

ಆಮೇಲೆ ಲಾರಿ ನಿಂತಿತು. ಏಕೆ ಎಂಬುದನ್ನು ನಿಮಗೆ ನಾನು ಹೇಳಬೇಕೇ? ಹೂಳುತಾಣದ ಪರವಾನಗಿಯ ನವೀಕರಣ ನಿಮ್ಮ ಕಚೇರಿಯಲ್ಲಿ ಬಾಕಿ ಉಳಿಯಿತು. ಒಂದು ತಿಂಗಳಲ್ಲ, ಎರಡು ತಿಂಗಳಲ್ಲ, ಇಪ್ಪತ್ತು ತಿಂಗಳು. ಆ ಇಪ್ಪತ್ತು ತಿಂಗಳೂ ನಮಗೆ ನಿಮ್ಮಿಂದ ‘ಘಟಕವನ್ನು ಒಂದು ದಿನವೂ ನಿಲ್ಲಿಸತಕ್ಕದ್ದಲ್ಲ’ ಎಂಬ ಸೂಚನೆ ಬರುತ್ತಿತ್ತು. ನೀರು ಬರುತ್ತಲೇ ಇತ್ತು, ಕೇಕು ಬೀಳುತ್ತಲೇ ಇತ್ತು, ಹೊರಗೆ ಹೋಗುವಂತಿರಲಿಲ್ಲ. ಗೋದಾಮು ತುಂಬಿತು, ಸೈಕಲ್ ನಿಲ್ಲಿಸುವ ಜಾಗ ತುಂಬಿತು, ಕೊನೆಗೆ ನಾವು ಊಟಕ್ಕೆ ಕೂರುವ ಕಟ್ಟೆಯ ಸುತ್ತಲೂ ರಾಶಿ ಬಿತ್ತು. ಮಾಡು ಎನ್ನುವವರೂ ನೀವೇ, ಬೇಡ ಎನ್ನುವವರೂ ನೀವೇ ಆದರೆ ನಡುವೆ ಇರುವವನು ಏನು ಮಾಡಬೇಕು?

ಒಂದು ದಿನ ಮ್ಯಾನೇಜರು ಒಣಗಿದ ಕೇಕನ್ನು ಬೂಟಿನಿಂದ ಒತ್ತಿ ಪುಡಿ ಮಾಡಿ ನೋಡಿ, “ಒಳ್ಳೇ ಗಟ್ಟಿ ಮಣ್ಣಿದ್ದ ಹಾಗಿದೆಯಲ್ರೀ. ತಗ್ಗು ತುಂಬೋಕೆ ಯಾರಿಗಾದ್ರೂ ಬೇಕಿದ್ರೆ ತಗೊಂಡು ಹೋಗ್ಲಿ ಬಿಡಿ” ಎಂದರು. ನಾನು ಆ ಪುಡಿಯನ್ನು ನೀರಿನಲ್ಲಿ ಕದಡಿ ಪರೀಕ್ಷೆಯ ಪಟ್ಟಿ ಅದ್ದಿ ನೋಡಿದೆ. ಕಡುನೀಲಿ. ಒಳಗೆ ಸುಣ್ಣ ಬೇಕಾದಷ್ಟಿತ್ತು. ಸುಣ್ಣ ಇರುವವರೆಗೆ ಲೋಹ ಕರಗುವುದಿಲ್ಲವೆಂಬುದು ನಾನು ಬೇರೆಯವರಿಗೆ ಕಲಿಸುವ ಪಾಠ. “ಇದು ಅಲುಗೋದಿಲ್ಲ ಸಾರ್, ಕಲ್ಲಿನ ಹಾಗೆ ಇರುತ್ತೆ” ಎಂದು ಹೇಳಿದವನು ನಾನು. ನನ್ನ ಮಾತಿನ ಮೇಲೆ ಮ್ಯಾನೇಜರು ಗೇಟು ತೆರೆದರು. ಇದನ್ನು ಮುಚ್ಚಿಟ್ಟು ಈ ಪತ್ರ ಬರೆದರೆ ನನ್ನ ಕೈ ಸೇದಿಹೋಗಲಿ.

ನನ್ನ ತಂಗಿಯ ಮನೆ ಗಲ್ಲಿಯ ತುದಿಯಲ್ಲಿ, ಎಲ್ಲರಿಗಿಂತ ತಗ್ಗಿನಲ್ಲಿದೆ. ಮಳೆ ಬಂದರೆ ಅಂಗಳ ಕೆರೆಯಾಗುತ್ತಿತ್ತು. ಅವಳ ಗಂಡ ತೀರಿಕೊಂಡ ಮೇಲೆ ಅವಳು ಹಳೆಯ ಗಾಜಿನ ಬಾಟಲಿಗಳನ್ನು ತಂದು ತೊಳೆದು, ಎಣ್ಣೆ, ಫಿನಾಯಿಲ್ ತುಂಬುವವರಿಗೆ ಕೊಡುವ ಕೆಲಸ ಹಿಡಿದಿದ್ದಳು. ಅಂಗಳವೇ ಅವಳ ಕಾರ್ಖಾನೆ. ಮೊಣಕಾಲುದ್ದ ನೀರಿನಲ್ಲಿ ನಿಂತು ಬಾಟಲಿ ತೊಳೆಯುವುದನ್ನು ನೋಡಲಾರದೆ ನಾನು ನಾಲ್ಕು ಟ್ರ್ಯಾಕ್ಟರ್ ಕೇಕು ತರಿಸಿದೆ. ನಾನೇ ಹಾರೆಯಿಂದ ಒಡೆದು ಹರಡಿದೆ, ಮೇಲೆ ಒಂದು ಗೇಣು ಕೆಂಪುಮಣ್ಣು ಹಾಕಿ ದಿಮ್ಮಸು ಬಡಿದೆ. ಮುಂದಿನ ಮಳೆಗೆ ಅಂಗಳದಲ್ಲಿ ಒಂದು ಬೊಗಸೆ ನೀರೂ ನಿಲ್ಲಲಿಲ್ಲ. “ನಮ್ಮಣ್ಣ ಇರೋವರೆಗೆ ನಂಗೇನು ಚಿಂತೆ” ಎಂದು ಅವಳು ಗಲ್ಲಿಯ ಹೆಂಗಸರಿಗೆಲ್ಲ ತೋರಿಸಿಕೊಂಡು ಬಂದಳು. ಅಂಗಳದ ಮೂಲೆಯಲ್ಲೇ ಕೈಪಂಪು. ಗಲ್ಲಿಯ ನಲ್ಲಿಯಲ್ಲಿ ನೀರು ಬರುವುದು ಅವರ ಪುಣ್ಯವಿದ್ದ ದಿನ. ಉಳಿದ ದಿನ ಹನ್ನೊಂದು ಮನೆಗೂ ತಂಗಿಯ ಪಂಪೇ ಗತಿ. ಅವಳು ಯಾರಿಗೂ ಇಲ್ಲ ಎಂದವಳಲ್ಲ.

ಮೂರೂವರೆ ವರ್ಷವಾಯಿತು. ಎರಡನೆಯ ವರ್ಷ ಅವಳ ಕೈಯೆಲ್ಲ ತುರಿಕೆಯೆದ್ದಿತು. ಬಾಟಲಿ ತೊಳೆಯುವ ಕೆಲಸವಲ್ಲವೇ, ಅದರಿಂದಲೇ ಎಂದುಕೊಂಡೆವು. ಕಳೆದ ವರ್ಷ ಸೊಂಟ, ಪಕ್ಕೆಲುಬು ನೋವು ಎಂದಳು. ಕೂತರೆ ಏಳಲಾರಳು, ಎದ್ದರೆ ಕೂರಲಾರಳು. ಸರ್ಕಾರಿ ಆಸ್ಪತ್ರೆಯ ಡಾಕ್ಟರಮ್ಮ ಮೂತ್ರ ಪರೀಕ್ಷೆ ಮಾಡಿಸಿ, ಮತ್ತೆ ಮಾಡಿಸಿ, ಮೂರನೆಯ ಸಲ ನನ್ನನ್ನು ಒಳಗೆ ಕರೆದರು. “ನಿಮ್ಮ ತಂಗಿಗೆ ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ಆದ್ರೂ ಕಿಡ್ನಿ ಸೋರ್ತಾ ಇದೆ. ಮೂಳೆ ಸವೀತಾ ಇದೆ. ಇವರು ಕುಡಿಯೋ ನೀರು ಎಲ್ಲಿಂದ ಬರುತ್ತೆ?” ಎಂದು ಕೇಳಿದರು. ಮನೆಯ ಪಂಪಿನದೆಂದು ಹೇಳಿದೆ. ಆ ಪುಣ್ಯಾತ್ಮೆ ತಾವೇ ನಿಮ್ಮ ಕಚೇರಿಗೆ ಪತ್ರ ಬರೆದರು: ದಯವಿಟ್ಟು ಆ ನೀರಿನಲ್ಲಿ ಲೋಹಗಳ ಅಂಶ ಪರೀಕ್ಷಿಸಿ. ಆರು ವಾರದ ಮೇಲೆ ನೀವು ಕೊಟ್ಟ ಉತ್ತರವನ್ನು ಇಲ್ಲಿ ಹಾಗೆಯೇ ಇಳಿಸುತ್ತೇನೆ: ‘ಸದರಿ ಗಲ್ಲಿಯ ಆಸುಪಾಸಿನಲ್ಲಿ ಯಾವುದೇ ಕೈಗಾರಿಕೆ ಇಲ್ಲದಿರುವುದರಿಂದ ಪರೀಕ್ಷೆಯ ಅಗತ್ಯ ಕಂಡುಬರುವುದಿಲ್ಲ.’ ನಿಜ, ಕೈಗಾರಿಕೆ ಇರಲಿಲ್ಲ. ಅದನ್ನು ಟ್ರ್ಯಾಕ್ಟರಿನಲ್ಲಿ ತಂದುಕೊಟ್ಟಿದ್ದೆನಲ್ಲ ನಾನು.

ಆದರೂ ನನಗೆ ಹೊಳೆಯಲಿಲ್ಲ, ಮಾನ್ಯರೇ. ಇಪ್ಪತ್ತೊಂದು ವರ್ಷ ಇದೇ ಕೆಲಸ ಮಾಡಿದ ಮೂರ್ಖನಿಗೆ ಹೊಳೆಯಲಿಲ್ಲ. ನನ್ನ ಲೆಕ್ಕದಲ್ಲಿ ಕೇಕು ಅಂದರೆ ಮುಗಿದ ಕೆಲಸ. ಅದು ಮತ್ತೆ ನೀರಾಗುತ್ತದೆಂದು ಯೋಚಿಸುವ ಅಭ್ಯಾಸವೇ ನಮಗಿಲ್ಲ.

ಹೊಳೆದದ್ದು ಒಂದು ರಜೆಯ ದಿನ, ಸಂಜೆ ನಾಲ್ಕೂವರೆಗೆ. ತಂಗಿಗೆ ಔಷಧಿ ಕೊಡಲು ಹೋಗಿದ್ದೆ. ಅವಳು ಆ ದಿನದ ಬಾಟಲಿಗಳನ್ನು ತೊಳೆದು ಮುಗಿಸಿ, ನೀಲಿ ಟಬ್ಬನ್ನು ಓರೆ ಮಾಡಿ ಅಂಗಳಕ್ಕೆ ಚೆಲ್ಲಿದಳು. ಮೇಲಿನ ಕೆಂಪುಮಣ್ಣು ಓಡಾಟಕ್ಕೆ ಸವೆದು ಅಲ್ಲಲ್ಲಿ ಬೂದುಹಸಿರು ಕಾಣುತ್ತಿತ್ತು. ನೀರು ಅದರ ಮೇಲೆ ಬಿದ್ದದ್ದೇ ತಡ, ಸುಯ್ಯೆಂದು ಸದ್ದು ಮಾಡಿ ನೊರೆ ಎದ್ದಿತು.

“ಏನದು ನೀನು ಚೆಲ್ಲಿದ್ದು?” ಎಂದು ಕೇಳಿದೆ.

“ಬಾಟಲಿ ತೊಳೆದ ನೀರು ಕಣಣ್ಣ. ಬರೀ ಸೋಪಲ್ಲಿ ಒಳಗಿನ ಬಿಳಿ ಕಲೆ ಹೋಗಲ್ಲ. ಬಾತ್‌ರೂಮ್ ತೊಳೆಯೋ ಆ್ಯಸಿಡ್ ಒಂದಿಷ್ಟು ಹಾಕ್ತೀನಿ. ನೋಡು, ಹೆಂಗೆ ನೊರೆ ಬರುತ್ತೆ! ಅಂಗಳಾನೂ ಕ್ಲೀನಾಗುತ್ತೆ.”

“ದಿನಾ ಚೆಲ್ತೀಯಾ?”

“ದಿನಾ ಒಂದು ಟಬ್ಬು. ಯಾಕಣ್ಣ, ಮುಖ ಯಾಕೆ ಹಂಗ್ ಮಾಡ್ಕೊಂಡೆ?”

ಸುಣ್ಣ ಹಾಕಿದರೆ ಲೋಹ ಕೂರುತ್ತದೆ, ಆ್ಯಸಿಡ್ ಹಾಕಿದರೆ ಮತ್ತೆ ಕರಗಿ ಏಳುತ್ತದೆ. ಹೊಸದಾಗಿ ಕೆಲಸಕ್ಕೆ ಸೇರಿದವರಿಗೆ ನಾನು ಮೊದಲ ದಿನ ಹೇಳಿಕೊಡುವುದು ಇದನ್ನೇ. ಮೂರೂವರೆ ವರ್ಷ ನನ್ನ ತಂಗಿ ದಿನಕ್ಕೊಂದು ಟಬ್ಬಿನಂತೆ, ನಾನು ಕಟ್ಟಿಹಾಕಿದ ಲೋಹವನ್ನು ಬಿಡಿಸಿ ಬಿಡಿಸಿ ನೆಲಕ್ಕೆ ಇಳಿಸುತ್ತಿದ್ದಳು. ಪಂಪಿನ ಕೊಳವೆ ಆ ಜಾಗದಿಂದ ಎಂಟು ಹೆಜ್ಜೆ. ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಬೇರೆಯವರ ಮೇಲೆ ಎಷ್ಟೋ ಸಲ ಪ್ರಯೋಗಿಸಿದ್ದೆ. ಅವತ್ತು ಅದು ನನ್ನ ಕೊರಳಿಗೇ ಬಿತ್ತು. ಅವಳ ಮುಂದೆ ನಿಲ್ಲಲಾಗದೆ ಔಷಧಿಯನ್ನು ಕಿಟಕಿಯ ಮೇಲಿಟ್ಟು ಹೊರಟುಬಿಟ್ಟೆ.

ಮರುದಿನ ಪಂಪಿನ ನೀರನ್ನು ಒಂದು ಸೀಸೆಯಲ್ಲಿ ತುಂಬಿಕೊಂಡು ಘಟಕಕ್ಕೆ ಹೋದೆ. ನಮ್ಮ ಪ್ರಯೋಗಾಲಯದ ಅಕ್ಕ ನನಗಿಂತ ಮೂರು ವರ್ಷ ಹಿಂದಿನಿಂದ ಅಲ್ಲಿದ್ದಾರೆ. ಅವರಿಗೆ ಏನೂ ಹೇಳದೆ ಸೀಸೆ ಕೊಟ್ಟೆ. ನಾಲ್ಕು ಹನಿ ಅಮೋನಿಯಾ, ಮೇಲೆ ನಿಕ್ಕಲ್ ಹಿಡಿಯುವ ದ್ರಾವಣ. ನೀರು ಗುಲಾಬಿ ಬಣ್ಣಕ್ಕೆ ತಿರುಗಿತು. “ಯಾವ ಶೆಡ್ಡಿನ ಕೊಳಚೆ ಇದು ಸುಣ್ಣದಣ್ಣ? ತೀರಾ ತೆಳುವಾಗಿದೆ” ಎಂದರು ಅಕ್ಕ. ನನ್ನ ತಂಗಿಯ ಪಂಪಿನದೆಂದು ಹೇಳಿದೆ. ವಿಷಯ ಕೇಳಿದ ಮೇಲೆ ಅವರು ಅದೇ ನೀರನ್ನು ನಮ್ಮ ವಾರದ ಸೀಸೆಗಳ ಜೊತೆ ‘ನಾಲ್ಕನೇ ತೊಟ್ಟಿ’ ಎಂದು ಚೀಟಿ ಅಂಟಿಸಿ ಹೊರಗಿನ ಪ್ರಯೋಗಾಲಯಕ್ಕೆ ಕಳಿಸಿದರು. ಕ್ಯಾಡ್ಮಿಯಮ್, ಕುಡಿಯುವ ನೀರಿನ ಮಿತಿಗಿಂತ ಹದಿನಾಲ್ಕು ಪಟ್ಟು ಎಂದು ಬಂತು. ಕೊಳಚೆಯ ಮಿತಿಗೆ ಹೋಲಿಸಿ ಅವರು ಕೆಳಗೆ ಬರೆದಿದ್ದರು: ತೃಪ್ತಿಕರ.

ಆ ವರದಿ ಹಿಡಿದು ನಿಮ್ಮ ಕಚೇರಿಗೆ ಬಂದೆ. ನೀವು ಸಭೆಯಲ್ಲಿದ್ದಿರಿ. ಎಷ್ಟು ಸಲ ಬಂದರೂ ನೀವು ಸಭೆಯಲ್ಲೇ ಇದ್ದಿರಿ, ಅದಕ್ಕೆ ನನ್ನ ತಕರಾರಿಲ್ಲ. ಅಷ್ಟು ಸಭೆಗಳು ನಡೆದೂ ಹೀಗಾಗುವುದಾದರೆ, ನಡೆಯದಿದ್ದರೆ ಏನೇನಾಗುತ್ತಿತ್ತೋ! ನಿಮ್ಮ ಗುಮಾಸ್ತರು ವರದಿಯನ್ನು ಎರಡು ಬೆರಳಿನಲ್ಲಿ ಹಿಡಿದು ನೋಡಿದರು.

“ಇದರಲ್ಲಿ ‘ನಾಲ್ಕನೇ ತೊಟ್ಟಿ’ ಅಂತಿದೆ. ನೀವು ಕೈಪಂಪು ಅಂತೀರಿ.”

“ಹಾಗೆ ಬರೆಯದಿದ್ರೆ ಪರೀಕ್ಷೆನೇ ಮಾಡ್ತಿರ್ಲಿಲ್ಲ ಸಾರ್. ನೀವೇ ಬಂದು ಒಂದು ಸೀಸೆ ತುಂಬ್ಕೊಂಡು ಹೋಗಿ.”

“ಅದು ಹಾಗಲ್ಲ. ದೂರು ನೀರಿಂದೋ, ಮಣ್ಣಿಂದೋ? ನೀರಾದ್ರೆ ಈ ವಿಭಾಗ. ಮಣ್ಣಾದ್ರೆ ಮೇಲಿನ ಮಹಡಿ.”

“ಕೇಕಿಂದು ಸಾರ್. ಕೆಸರಿಂದು.”

“ಕೆಸರು ನೀರೋ, ಮಣ್ಣೋ?”

ಈ ಪ್ರಶ್ನೆಗೆ ನಾನು ಇಪ್ಪತ್ತೊಂದು ವರ್ಷದ ಅನುಭವದಿಂದ, ನೂರಕ್ಕೆ ಎಪ್ಪತ್ತು ಪಾಲು ನೀರು, ಉಳಿದದ್ದು ಗಟ್ಟಿ ಎಂದು ಉತ್ತರಿಸಿದೆ. ಅವರು ಗಂಭೀರವಾಗಿ ತಲೆಯಾಡಿಸಿ, ಹಾಗಾದರೆ ಎರಡು ಅರ್ಜಿ ಕೊಡಿ ಎಂದರು. ಕೊಟ್ಟೆ. ಮೇಲಿನ ಮಹಡಿಯವರು ಇದು ಒಣಗಿದ ಕೆಸರಾದ್ದರಿಂದ ಮೂರನೆಯ ವಿಭಾಗಕ್ಕೆ ಸೇರುತ್ತದೆ ಎಂದರು. ಅಲ್ಲಿಗೂ ಕೊಟ್ಟೆ. ಅವರು ಘಟಕದ ದಾಖಲೆ ತೆಗೆದು ತೋರಿಸಿದರು. ಕೆಸರಿನ ಕಾಲಮ್ಮಿನಲ್ಲಿ ಆ ಇಪ್ಪತ್ತು ತಿಂಗಳೂ ‘ಸುರಕ್ಷಿತವಾಗಿ ವಿಲೇವಾರಿಯಾಗಿದೆ’ ಎಂದು ಬರೆದು ಸಹಿ ಬಿದ್ದಿತ್ತು. “ನೋಡಿ, ಕೆಸರೆಲ್ಲ ಹೂಳುತಾಣಕ್ಕೇ ಹೋಗಿದೆ. ಹಾಗಿರೋವಾಗ ನಿಮ್ಮ ತಂಗಿ ಅಂಗಳಕ್ಕೆ ಎಲ್ಲಿಂದ ಬರುತ್ತೆ?” ಎಂದು ಅವರು ನನ್ನನ್ನೇ ಕೇಳಿದರು. ಅದನ್ನು ಹೊತ್ತು ಹಾಕಿದವನು ನಾನೇ ಎದುರಿಗೆ ನಿಂತು ಹೇಳುತ್ತಿದ್ದರೂ ಅವರು ನಂಬಿದ್ದು ಕಾಗದವನ್ನು. ಹೂಳುತಾಣದ ಗೇಟು ಮುಚ್ಚಿದ್ದಾಗ ಕೆಸರು ಎಲ್ಲಿ ವಿಲೇವಾರಿಯಾಯಿತೆಂದು ಆ ಸಹಿಯ ಕೆಳಗೆ ಮುದ್ರೆ ಒತ್ತಿದ ನಿಮ್ಮವರಿಗೆ ಒಮ್ಮೆಯೂ ಅನುಮಾನ ಬರಲಿಲ್ಲವೇ? ಅಂಗೈ ಹುಣ್ಣಿಗೆ ಕನ್ನಡಿ ಬೇಡವೆನ್ನುತ್ತಾರೆ. ನಿಮ್ಮ ಕಚೇರಿಯಲ್ಲಿ ಕನ್ನಡಿಗೂ ಅರ್ಜಿ ಕೊಡಬೇಕು, ಮೂರು ಪ್ರತಿಗಳಲ್ಲಿ.

ನೀವು ಕೇಳಬಹುದು, ನಿನ್ನ ತಂಗಿಗೆ ನೀನೇ ಹೇಳಬಹುದಿತ್ತಲ್ಲ, ಕುಡಿಯಬೇಡ ಎಂದು? ಕೇಳಿ, ಕೇಳಬೇಕಾದದ್ದೇ. ಉತ್ತರ ನಾಚಿಕೆಗೇಡಿನದು. ಹೇಳಲು ನನಗೆ ಬಾಯಿ ಬರಲಿಲ್ಲ. ಆ್ಯಸಿಡ್ ನೀರನ್ನು ಅಂಗಳಕ್ಕೆ ಚೆಲ್ಲಬೇಡ, ಮಣ್ಣು ಹಾಳಾಗುತ್ತದೆ ಎಂದಷ್ಟೇ ಹೇಳಿ ನಿಲ್ಲಿಸಿದೆ. ಕೊಳವೆ ಹಳೆಯದು, ತುಕ್ಕಿನ ನೀರು ಎಂದೆ. ನಮ್ಮಮ್ಮನ ಕಾಲದಿಂದ ಕುಡಿಯುತ್ತಿದ್ದೇವೆ ಎಂದಳು. ಕುದಿಸಿ ಕುಡಿ ಎಂದುಬಿಡೋಣವೆಂದರೆ ಕುದಿಸಿದರೆ ನೀರು ಇಂಗಿ ಲೋಹದ ಪಾಲು ಇನ್ನಷ್ಟು ಹೆಚ್ಚುತ್ತದೆ, ಅದು ನನಗೆ ಗೊತ್ತು. ಸೈಕಲ್ಲಿಗೆ ಎರಡು ಕ್ಯಾನು ಕಟ್ಟಿ ಬೇರೆ ಕಡೆಯಿಂದ ನೀರು ತಂದುಕೊಟ್ಟೆ. ಅದನ್ನು ಅವಳು ಪಕ್ಕದ ಮನೆಯ ಮುದುಕಿಗೆ ಕೊಟ್ಟು, “ಪಾಪ, ಅವರಿಗೆ ಪಂಪ್ ಹೊಡೆಯೋಕೆ ಕೈಲಾಗಲ್ಲ” ಎಂದಳು.

ಕೊನೆಗೆ ಕಳ್ಳನ ಕೆಲಸಕ್ಕಿಳಿದೆ. ಒಂದು ಮಧ್ಯಾಹ್ನ ಅವಳು ಬಾಟಲಿ ತರಲು ಹೋಗಿದ್ದಾಗ ಪಂಪಿನ ಹಿಡಿಯ ಪಿನ್ನು ಕಿತ್ತು, ಒಳಗಿನ ಚರ್ಮದ ವಾಷರನ್ನು ಚಾಕುವಿನಿಂದ ಸೀಳಿ ಜೇಬಿಗೆ ಹಾಕಿಕೊಂಡೆ. ಪಂಪು ಕೆಟ್ಟರೆ ಗಲ್ಲಿಯವರೆಲ್ಲ ಗಲಾಟೆ ಮಾಡಿಯಾರು, ಗಲಾಟೆಯಾದರೆ ಟ್ಯಾಂಕರ್ ಬಂದೀತು ಎಂದು ನನ್ನ ಎಣಿಕೆ. ಗಲ್ಲಿಯವರು ಗಲಾಟೆ ಮಾಡಲಿಲ್ಲ. ಸ್ಕೂಟರ್ ರಿಪೇರಿಯವನು ಹಳೆಯ ಟ್ಯೂಬು ಕತ್ತರಿಸಿ ವಾಷರ್ ಮಾಡಿ, ಪಿನ್ನಿನ ಜಾಗಕ್ಕೆ ಒಂದು ಬೋಲ್ಟು ಬಿಗಿದು, ಐದು ಗಂಟೆಯೊಳಗೆ ಸರಿ ಮಾಡಿಬಿಟ್ಟ. ಬೋಲ್ಟಿನ ಮೇಲೆ ಹೊಳೆಯುವ ಲೇಪವಿತ್ತು, ನಮ್ಮ ಶೆಡ್ಡುಗಳದೇ. ನಾನು ಏನೂ ಅರಿಯದವನಂತೆ ಸಂಜೆ ಹೋದೆ. ಎಲ್ಲರೂ ಪಂಪಿನ ಸುತ್ತ ನಗುತ್ತ ನಿಂತಿದ್ದರು. ತಂಗಿ ಲೋಟ ತೊಳೆದು ತುಂಬಿಸಿ ನನ್ನ ಕೈಗೆ ಕೊಟ್ಟಳು. “ಮೊದಲನೇ ಲೋಟ ನಮ್ಮಣ್ಣಂಗೆ” ಎಂದಳು.

ಕುಡಿದೆ. ಮಾನ್ಯರೇ, ಪೂರ್ತಿ ಕುಡಿದೆ. ರುಚಿಯಲ್ಲಿ ಒಂದಿಷ್ಟೂ ವ್ಯತ್ಯಾಸವಿರಲಿಲ್ಲ, ಸಿಹಿನೀರು. ಹಿಂದೆಯೇ ಅವಳ ಮಗಳು ಬಂದು ಶಾಲೆಯ ಬಾಟಲಿ ತುಂಬಿಕೊಂಡು, “ಮಾವ, ಅಮ್ಮ ರಾತ್ರಿಯೆಲ್ಲ ನರಳ್ತಾಳೆ, ನೀನು ಬೇರೆ ಡಾಕ್ಟರ್ ಹತ್ರ ಕರ್ಕೊಂಡು ಹೋಗು” ಎಂದಳು. ಆ ಹುಡುಗಿಗೆ ಹನ್ನೆರಡು ವರ್ಷ. ಅವಳ ಮೂಳೆ ಇನ್ನೂ ಬೆಳೆಯಬೇಕು. ಕ್ಯಾಡ್ಮಿಯಮ್ ಒಮ್ಮೆ ಒಳಗೆ ಹೋದರೆ ಇಪ್ಪತ್ತು ವರ್ಷವಾದರೂ ಹೊರಗೆ ಬರುವುದಿಲ್ಲವೆಂದು ಡಾಕ್ಟರಮ್ಮ ಹೇಳಿದ್ದಾರೆ. ನನ್ನ ತೊಟ್ಟಿಯಲ್ಲಾದರೆ ಸುಣ್ಣ ಹಾಕಿ ತೆಗೆಯುತ್ತಿದ್ದೆ. ಮಗುವಿನ ಮೈಯಿಂದ ತೆಗೆಯುವ ವಿದ್ಯೆ ನನಗೆ ಗೊತ್ತಿಲ್ಲ, ನಿಮಗೆ ಗೊತ್ತಿದ್ದರೆ ಹೇಳಿ, ನಿಮ್ಮ ಕಾಲು ಹಿಡಿಯುತ್ತೇನೆ.

ಆ ಸಂಜೆಯ ಮೇಲೆ ಈ ಪತ್ರ ಬರೆಯತೊಡಗಿದೆ. ನನ್ನ ಬೇಡಿಕೆ ದೊಡ್ಡದಲ್ಲ. ನಿಮ್ಮ ಮುದ್ರೆಯಿರುವ ಸೀಸೆಯಲ್ಲಿ, ನಿಮ್ಮವರ ಕೈಯಿಂದಲೇ ಆ ಪಂಪಿನ ನೀರು ತುಂಬಿಸಿಕೊಂಡು ಹೋಗಿ. ವರದಿ ಬರುವವರೆಗೂ ಕಾಯದೆ ಅವತ್ತೇ ಪಂಪಿಗೆ ಬೀಗ ಹಾಕಿ, ಅವತ್ತೇ ಗಲ್ಲಿಗೆ ಟ್ಯಾಂಕರ್ ಕಳಿಸಿ. ಬೀಗ ಮೊದಲು, ಟ್ಯಾಂಕರ್ ಆಮೇಲೆ ಎಂದು ದಯವಿಟ್ಟು ಮಾಡಬೇಡಿ. ಹನ್ನೊಂದು ಮನೆಯವರ ರಕ್ತ, ಮೂತ್ರ ಪರೀಕ್ಷೆ ಮಾಡಿಸಿ. ಅಂಗಳದ ಮಣ್ಣನ್ನು ಅಗೆದು, ಈಗಲಾದರೂ ತೆರೆದಿರುವ ನಿಮ್ಮ ಹೂಳುತಾಣಕ್ಕೆ ಸಾಗಿಸಿ. ಕೇಕು ಹೋದದ್ದು ತಂಗಿಯ ಅಂಗಳಕ್ಕೆ ಮಾತ್ರವಲ್ಲ. ಗೇಟಿನಿಂದ ಹೊರಗೆ ಹೋದ ಟ್ರ್ಯಾಕ್ಟರುಗಳ ಚೀಟಿಗಳೆಲ್ಲ ನನ್ನ ಬಳಿ ಇವೆ. ಒಂದು ಗ್ಯಾರೇಜಿನ ನೆಲ, ಎರಡು ಮನೆಯ ಪಾಯ, ಮಕ್ಕಳು ಆಡುವ ಒಂದು ಬಯಲು. ಅವನ್ನು ಕೊಡಲು ನಾನು ಸಿದ್ಧ. ನನ್ನ ಮೇಲೆ ಯಾವ ಮೊಕದ್ದಮೆ ಬೇಕಾದರೂ ಹೂಡಿ, ಮೊದಲ ಸಾಕ್ಷಿ ನಾನೇ ಆಗುತ್ತೇನೆ. ಇಪ್ಪತ್ತು ತಿಂಗಳು ಕಡತದ ಮೇಲೆ ಕೂತವರು ಎರಡನೆಯ ಆರೋಪಿಯ ಜಾಗದಲ್ಲಿ ನಿಲ್ಲುವುದಾದರೆ ನನಗೆ ಸಂಗಾತಿ ಸಿಕ್ಕಂತಾಗುತ್ತದೆ. ಇನ್ನು ಮುಂದೆ ಘಟಕಕ್ಕೆ ಬಂದಾಗ ತಿಳಿನೀರನ್ನು ನೋಡಿ ಸಂತೋಷಪಟ್ಟು ಹೋಗಬೇಡಿ. ಹಿತ್ತಿಲಿಗೆ ಹೋಗಿ ಕೇಕಿನ ರಾಶಿ ನೋಡಿ.

ಇಲ್ಲಿಯವರೆಗೆ ಬರೆದದ್ದನ್ನು ಇವತ್ತು ಬೆಳಿಗ್ಗೆ ತಂಗಿಯ ಮುಂದೆ ಕೂತು ಓದಿದೆ. ಇದರ ಒಂದು ಪ್ರತಿಯನ್ನು ಪತ್ರಿಕೆಗೂ ಕಳಿಸುತ್ತಿದ್ದೇನೆ, ನಾಳೆ ಅದರಲ್ಲಿ ಬಂದು ಬೇರೆಯವರ ಬಾಯಿಂದ ಅವಳು ಕೇಳುವುದು ಬೇಡವೆನಿಸಿತು. ಓದುವಾಗ ಅವಳು ಒಂದು ಬಾಟಲಿಯನ್ನು ಕೈಯಲ್ಲಿ ಹಿಡಿದು ಒರೆಸುತ್ತಲೇ ಇದ್ದಳು. ಮುಗಿಯಿತು. ಬೈಯುತ್ತಾಳೆ, ಅಳುತ್ತಾಳೆ ಎಂದುಕೊಂಡಿದ್ದೆ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು.

“ಅವತ್ತು ಮೊದಲನೇ ಲೋಟ ಕೊಟ್ಟಾಗ ನಿಂಗೆ ಗೊತ್ತಿತ್ತಾ?” ಎಂದು ಕೇಳಿದಳು.

“ಗೊತ್ತಿತ್ತು.”

“ಗೊತ್ತಿದ್ದೂ ಕುಡಿದ್ಯಾ?”

ಅವಳು ಬಾಟಲಿಯನ್ನು ಕೆಳಗಿಟ್ಟು, ಗೋಡೆ ಹಿಡಿದು ನಿಧಾನವಾಗಿ ಎದ್ದಳು. “ಕುಡಿದು ಏನ್ ಸಾಧಿಸಿದೆ, ದಡ್ಡ. ಅವತ್ತೇ ಹೇಳಿದ್ರೆ ಮಗಳ ಬಾಟಲಿ ಖಾಲಿ ಮಾಡಿಸ್ತಿದ್ದೆ” ಎಂದಳು. ಆಮೇಲೆ, “ಸರಿ, ಇವತ್ತು ಎಲ್ರೂ ನೀರು ಎಲ್ಲಿಂದ ತರ್ಬೇಕು?” ಎಂದಳು.

ಹೆಂಗಸರು ಕೊಡ ಹಿಡಿದು ಬಂದರು. ಈ ನೀರು ಕುಡಿಯುವಂತಿಲ್ಲ, ವಿಷವಿದೆ ಎಂದು ತಂಗಿ ಹೇಳಿದಳು. “ಯಾರು ಹೇಳಿದ್ದು? ಸರ್ಕಾರದವರು ಬಂದು ನೋಡಿದ್ರಾ?” ಎಂದು ಒಬ್ಬಳು ಕೇಳಿದಳು. “ನಮ್ಮಣ್ಣ ಹೇಳ್ದ” ಎಂದಳು ತಂಗಿ. “ನಿಮ್ಮಣ್ಣ ಯಾವಾಗ ದೊಡ್ಡ ಸಾಹೇಬ ಆದ? ಕಾಗದ ಇದ್ರೆ ತೋರಿಸು. ಇಲ್ಲಾಂದ್ರೆ ನೀರು ಕೊಡೋಕೆ ಮನಸ್ಸಿಲ್ಲ ಅಂತ ಹೇಳು” ಎಂದಳು ಅವಳು. ಕಾಗದ ಎಲ್ಲಿಂದ ತೋರಿಸುವುದು? ನಮ್ಮ ಬಳಿ ಇರುವ ನಿಮ್ಮ ಒಂದೇ ಕಾಗದದಲ್ಲಿ ಪರೀಕ್ಷೆಯ ಅಗತ್ಯ ಕಂಡುಬರುವುದಿಲ್ಲ ಎಂದಿದೆ. ಅವರಿಗೂ ಬೇರೆ ದಾರಿಯಿಲ್ಲ, ಮನೆಯಲ್ಲಿ ಮಕ್ಕಳಿದ್ದಾರೆ, ಒಲೆಯ ಮೇಲೆ ಪಾತ್ರೆಯಿದೆ.

ಆಗ ನನ್ನ ತಂಗಿ ಹೋಗಿ ಪಂಪಿನ ಹಿಡಿಯನ್ನು ಕೆಳಗೆ ಒತ್ತಿ, ಅದರ ಮೇಲೆ ಕೈಯೂರಿ, ಪಂಪಿಗೆ ಬೆನ್ನು ಕೊಟ್ಟು ನೆಲದ ಮೇಲೆ ಕೂತುಬಿಟ್ಟಳು. ಕೊಡಗಳು ಅವಳ ಸುತ್ತ ಸಾಲಾಗಿ ನಿಂತಿವೆ. ನಾನು ಸೈಕಲ್ಲಿಗೆ ಕ್ಯಾನು ಕಟ್ಟಿ ಮೂರು ಸಲ ಹೋಗಿ ಬಂದೆ. ಎರಡು ಕ್ಯಾನು ಹನ್ನೊಂದು ಮನೆಗೆ ಯಾವ ಮೂಲೆಗೆ? ನಾಲ್ಕನೆಯ ಸಲ ಹೊರಡುವ ಮೊದಲು, ಅವಳ ಎದುರಿನ ಕಟ್ಟೆಯ ಮೇಲೆ ಕೂತು ಈ ಕೊನೆಯ ಸಾಲುಗಳನ್ನು ಬರೆಯುತ್ತಿದ್ದೇನೆ. ಈಗ ಮಧ್ಯಾಹ್ನ ಎರಡು ಗಂಟೆ. ನೋವಿಗೆ ಅವಳ ಮುಖ ಬೆವರಿದೆ, ಕೆಳತುಟಿ ಕಚ್ಚಿ ಹಿಡಿದಿದ್ದಾಳೆ. ಏಳು ಎಂದರೆ ಏಳುವುದಿಲ್ಲ. “ನಾಳೆನೂ ಕೂರ್ತೀನಿ, ನಾಡಿದ್ದೂ ಕೂರ್ತೀನಿ. ನಿಮ್ ಸಾಹೇಬ್ರು ಬರೋವರೆಗೆ. ಬರೀ, ನಿಲ್ಲಿಸ್ಬೇಡ” ಎನ್ನುತ್ತಿದ್ದಾಳೆ. ಆ ಮೂಳೆಗಳ ಮೇಲೆ ಅವಳು ಎಷ್ಟು ಹೊತ್ತು ಕೂರಬಲ್ಲಳೆಂದು ಡಾಕ್ಟರಮ್ಮನನ್ನು ಕೇಳಿ. ನಿಮ್ಮ ಕಚೇರಿಯಿಂದ ಈ ಗಲ್ಲಿಗೆ ಗಾಡಿಯಲ್ಲಿ ನಲವತ್ತು ನಿಮಿಷ. ಬೇಗ ಬನ್ನಿ. ಅವಳು ಎದ್ದ ಮರುಕ್ಷಣ ಇವರು ನೀರು ಹೊಡೆಯುತ್ತಾರೆ.

ಇಂತಿ,
ನಿಮ್ಮಿಂದ ಮೆಚ್ಚುಗೆಯ ಫಲಕ ಪಡೆದ,
ಹನ್ನೊಂದು ಮನೆಗಳ ಅಪರಾಧಿ,
ಸುಣ್ಣದಣ್ಣ